ಮುದ್ದೆ ಎಷ್ಟು ದಪ್ಪ ಇರ್ಬೇಕು ಅನ್ನೋದಕ್ಕೆ ಕ್ಲೇಮ್ ಇಲ್ಲ

ನಮ್ಮ ಇನ್ಶೂರೆನ್ಸ್ ಕಂಪನಿಯವ್ರು ವರ್ಷಕ್ಕೊಂದ್ಸಲ ಫ್ರೀ ಹೆಲ್ತ್ ಚೆಕಪ್ ಕೊಡ್ತಾರೆ. ಫ್ರೀ ಅಂದ್ಮೇಲೆ ಬಿಡೋಕಾಗತ್ತಾ, ಬೆಳಗ್ಗೆ ಏಳಕ್ಕೇ ಖಾಲಿ ಹೊಟ್ಟೇಲಿ ಹೋಗಿ ತೋಳು ಮಡಚಿ ಕೂತೆ, ಮೂರು ಟ್ಯೂಬ್ ರಕ್ತ ಕೊಟ್ಟೆ, ಆಮೇಲೆ ಅವ್ರೇ ಕೊಟ್ಟ ಕೂಪನ್‌ನಲ್ಲಿ ಎರಡು ಇಡ್ಲಿ ಒಂದು ವಡೆ ಸಕ್ಕರೆ ಕಾಫಿ ಮುಗಿಸ್ಕೊಂಡು ಬಂದೆ. ಸಂಜೆ ಮೊಬೈಲಿಗೆ ರಿಪೋರ್ಟ್. ಎಚ್‌ಬಿಎ1ಸಿ 6.3. ಮೂರು ತಿಂಗಳ ಸಕ್ಕರೆ ಲೆಕ್ಕ ಅದು, 5.7ರಿಂದ 6.4ರ ತನಕ ಬಾರ್ಡರ್, 6.5 ಮುಟ್ಟಿದ್ರೆ ಪಕ್ಕಾ ಶುಗರ್. ಅಂದ್ರೆ ನಾನು ಬೇಲಿ ಮೇಲೆ ಕೂತಿದೀನಿ, ಒಂದು ಕಾಲು ಆಗ್ಲೇ ಆ ಕಡೆ ಇಳೀತಾ ಇದೆ.

ಡಾಕ್ಟ್ರು ರಿಪೋರ್ಟ್ ನೋಡಿದ್ರು, ಹೊಟ್ಟೆ ನೋಡಿದ್ರು, ಮತ್ತೆ ರಿಪೋರ್ಟ್ ನೋಡಿದ್ರು. "ಮಾತ್ರೆ ಈಗ್ಲೇ ಬೇಡ, ಊಟ ಸರಿ ಮಾಡ್ಕೊಳ್ಳಿ, ಒಬ್ಬ ಒಳ್ಳೆ ರಿಜಿಸ್ಟರ್ಡ್ ಡಯಟೀಶಿಯನ್ ನೋಡಿ" ಅಂತ ಚೀಟಿ ಬರ್ದು ಕೊಟ್ರು. ಫೀಸು ವಿಚಾರಿಸಿದ್ರೆ 800 ರೂಪಾಯಿ. ಸರಿ, ಹನ್ನೊಂದು ವರ್ಷದಿಂದ ಪ್ರೀಮಿಯಂ ಕಟ್ತಿದೀನಿ, ಇದುವರೆಗೂ ಒಂದು ಬ್ಯಾಂಡೇಜಿನ ಕ್ಲೇಮೂ ಮಾಡಿಲ್ಲ, ಇದಾದ್ರೂ ಕೊಡ್ತಾರೆ ಅಂತ ಕಸ್ಟಮರ್ ಕೇರಿಗೆ ಫೋನ್ ಹಚ್ಚಿದೆ. ಕನ್ನಡಕ್ಕಾಗಿ ನಾಲ್ಕು ಒತ್ತಿ ಅಂದ್ರು ಒತ್ತಿದೆ, ಹದಿನಾರು ನಿಮಿಷ ವೀಣೆ ಕೇಳಿಸಿದ್ರು ಕೇಳ್ದೆ.

"ಸರ್, ಅಡ್ಮಿಟ್ ಆಗಿದೀರಾ ಸರ್?"

"ಇಲ್ಲಮ್ಮ, ಊಟದ ಬಗ್ಗೆ ಕೇಳೋಕೆ ಹೋಗ್ಬೇಕು, ಅದಕ್ಕೆ."

"ಸರ್, ಮಿನಿಮಮ್ 24 ಅವರ್ಸ್ ಅಡ್ಮಿಟ್ ಆಗಿರ್ಬೇಕು ಸರ್."

"ಊಟ ಕೇಳೋಕೆ 24 ಗಂಟೆ ಯಾಕಮ್ಮ ಮಲಗ್ಬೇಕು?"

"ಸರ್, ನಿಮ್ಮ ಕಂಡೀಷನ್ ಏನು ಸರ್?"

"ಬಾರ್ಡರ್‌ಲೈನ್."

ಆ ಕಡೆ ಕೀಬೋರ್ಡ್ ಟಕಟಕ. "ಸರ್, ಬಾರ್ಡರ್‌ಲೈನ್ ಅಂತ ಆಪ್ಷನ್ ಇಲ್ಲ ಸರ್."

ಆ ಹುಡುಗಿ ತಪ್ಪೇನಿಲ್ಲ ಬಿಡಿ, ಪಾಪ ಸ್ಕ್ರೀನಲ್ಲಿ ಇದ್ದಿದ್ದು ಓದಿದ್ಲು. ನಾನೇ ಪಾಲಿಸಿ ಪುಸ್ತಕ ತೆಗೆದೆ. ಮದುವೆ ಆಲ್ಬಂನಷ್ಟು ದಪ್ಪ ಇದೆ, ಯಾರೂ ಓದಿಲ್ಲ ಅನ್ನೋದು ಹಾಳೆ ಅಂಟ್ಕೊಂಡಿದ್ದು ನೋಡಿದ್ರೇ ಗೊತ್ತಾಗತ್ತೆ. ಅದರಲ್ಲಿ ಡಾಕ್ಟರ್ ಅಂದ್ರೆ ಯಾರು ಅಂತ ಡೆಫಿನಿಷನ್ ಇದೆ, ಅಲೋಪತಿಯವ್ರು ಇದಾರೆ, ಆಯುರ್ವೇದದವ್ರು ಇದಾರೆ, ಹೋಮಿಯೋಪತಿಯವ್ರೂ ಇದಾರೆ, ಊಟದವ್ರು ಮಾತ್ರ ಇಲ್ಲ. 2021ರಲ್ಲಿ ಪಾರ್ಲಿಮೆಂಟೇ ಅಲೈಡ್ ಹೆಲ್ತ್‌ಕೇರ್ ಕಾಯ್ದೆ ಮಾಡಿ ಡಯಟೀಶಿಯನ್ನೂ ಆರೋಗ್ಯ ವೃತ್ತಿಯವ್ರು ಅಂತ ಪಟ್ಟಿಗೆ ಸೇರಿಸ್ತು, ಆ ಸುದ್ದಿ ನಮ್ಮ ಪಾಲಿಸಿ ಪುಸ್ತಕದ ತನಕ ಇನ್ನೂ ನಡ್ಕೊಂಡೇ ಬರ್ತಾ ಇರ್ಬೇಕು.

ಹಾಗಂತ ಡಯಟೀಶಿಯನ್ ಹೆಸ್ರೇ ಇಲ್ಲ ಅಂತೇನಿಲ್ಲ ಮತ್ತೆ. ಇದೆ. ಪುಸ್ತಕದ ಕೊನೇಲಿ, ಬೇರೆಯಾಗಿ ದುಡ್ಡು ಕೊಡಲ್ಲ ಅನ್ನೋ ಐಟಂಗಳು ಅಂತ ನಾಲ್ಕು ಪಟ್ಟಿ ಇರತ್ತೆ, ಇನ್ಶೂರೆನ್ಸ್ ಕಂಪನಿಗಳ ಮೇಲೆ ಕಣ್ಣಿಡೋ ಸರ್ಕಾರಿ ಸಂಸ್ಥೆ ಐಆರ್‌ಡಿಎಐ ಮಾಡಿರೋದು, ಎಲ್ಲಾ ಕಂಪನಿಗೂ ಒಂದೇ. ನಾಲ್ಕನೇ ಪಟ್ಟೀಲಿ ಟ್ರೀಟ್‌ಮೆಂಟ್ ಖರ್ಚಿನಲ್ಲೇ ಸೇರ್ಕೊಂಡಿರೋವು ಅಂತ ಕೆಲವು ಬರ್ದಿದಾರೆ. ಯೂರಿನ್ ಕಂಟೈನರ್, ಸ್ಪಿರಿಟ್ಟು, ಬಾಯಿ ಮುಕ್ಕಳಿಸೋ ಮೌತ್‌ವಾಶು, ಗಂಟಲಿಗೆ ಚೀಪೋ ಲಾಜೆಂಜು, ಯೂರಿನ್ ಬ್ಯಾಗು, ಇವುಗಳ ಮಧ್ಯೆ ಒಂಬತ್ತನೇ ನಂಬರ್ರು, ಡಯಟೀಶಿಯನ್ ಚಾರ್ಜ್. ನಾಲ್ಕೈದು ವರ್ಷ ಓದಿ, ಇಂಟರ್ನ್‌ಶಿಪ್ ಮಾಡಿ, ಮೇಲೆ ಪರೀಕ್ಷೆ ಬರ್ದು ಆರ್‌ಡಿ, ಅಂದ್ರೆ ರಿಜಿಸ್ಟರ್ಡ್ ಡಯಟೀಶಿಯನ್ ಅಂತ ಹೆಸ್ರು ಮುಂದೆ ಹಾಕ್ಕೊಂಡಿರೋ ಹೆಣ್ಮಗಳನ್ನ ತಗೊಂಡೋಗಿ ಯೂರಿನ್ ಡಬ್ಬಕ್ಕೂ ಚೀಪೋ ಮಾತ್ರೆಗೂ ನಡುವೆ ನಿಲ್ಸಿದಾರೆ. ಗ್ರೂಪ್ ಫೋಟೋದಲ್ಲಿ ಇದೀರಲ್ಲ ಮೇಡಂ, ಸಂತೋಷ ಪಡಿ.

ಆ ಒಳಗೆ ಸೇರ್ಕೊಂಡಿರೋ ಸರ್ವೀಸ್ ಹೆಂಗಿರತ್ತೆ ಅಂತ ನಾನು ಕಣ್ಣಾರೆ ನೋಡಿದೀನಿ. ಹೋದ ವರ್ಷ ನಮ್ಮ ಮಾವನಿಗೆ ಪಿತ್ತಕೋಶದ ಕಲ್ಲಿನ ಆಪರೇಷನ್ ಆಯ್ತು. ಮಾರನೇ ದಿನ ಬೆಳಗ್ಗೆ ಒಬ್ರು ಬಂದ್ರು, ಕೈಯಲ್ಲಿ ಒಂದು ಕಟ್ಟು ಹಾಳೆ, ಮುಖದಲ್ಲಿ ನಲವತ್ತು ಬೆಡ್‌ನ ಸುಸ್ತು. "ವೆಜ್ಜಾ ನಾನ್‌ವೆಜ್ಜಾ ಅಂಕಲ್?" ಅಂತ ಕೇಳಿದ್ರು, ಟಿಕ್ ಹಾಕಿದ್ರು, ಒಂದು ಪ್ರಿಂಟೆಡ್ ಶೀಟ್ ಕೊಟ್ರು. ಓಟ್ಸು, ಸ್ಕಿಮ್ಡ್ ಮಿಲ್ಕು, ಸ್ಟೀಮ್ಡ್ ಬ್ರೊಕೊಲಿ. ಮಾವ ಮದ್ದೂರು ಕಡೆಯವ್ರು, ಎಪ್ಪತ್ತೆರಡು ವರ್ಷದಿಂದ ಎರಡು ಹೊತ್ತು ಮುದ್ದೆ. ಶೀಟ್‌ನ ದೂರ ಹಿಡ್ದು ಹತ್ರ ಹಿಡ್ದು ನೋಡಿ, "ಅವ್ವ, ಈ ಬ್ರೊಕೊಲಿ ಅಂದ್ರೆ ಯಾವೂರ್ ಹೂಕೋಸು? ಅದಿರ್ಲಿ, ಮುದ್ದೆ ಉಣ್ಬೋದಾ?" ಅಂದ್ರು. ಆಯಮ್ಮನಿಗೂ ಪಾಪ ನಗು ಬಂತು, "ಉಣ್ಬೋದು ಅಜ್ಜ, ಸಣ್ದು" ಅಂದ್ರು, ಸಣ್ದು ಅಂದ್ರೆ ಎಷ್ಟು ಅಂತ ಕೈಯಲ್ಲಿ ತೋರಿಸೋ ಹೊತ್ತಿಗೆ ಪಕ್ಕದ ಬೆಡ್‌ನವ್ರು ಕರೆದ್ರು. ಅಷ್ಟೇ, ಮೂರು ನಿಮಿಷ. ಡಿಸ್ಚಾರ್ಜ್ ದಿನ ಬಿಲ್ಲಲ್ಲಿ ಡಯಟ್ ಕೌನ್ಸೆಲಿಂಗ್ 600 ಅಂತ ಹಾಕಿದ್ರು, ಇನ್ಶೂರೆನ್ಸ್ ಕಂಪನಿ ಪರವಾಗಿ ಬಿಲ್ ನೋಡೋ ಟಿಪಿಎಯವ್ರು ಅದನ್ನ ಕೆಂಪಲ್ಲಿ ಹೊಡೆದು ಇದು ಟ್ರೀಟ್‌ಮೆಂಟ್ ಒಳಗೇ ಬರತ್ತೆ ಅಂದ್ರು, ಆಸ್ಪತ್ರೆಯವ್ರು ಒಳಗೆ ಬರಲ್ಲ ಅಂದ್ರು, ಅದು ಒಳಗೂ ಇಲ್ದೆ ಹೊರಗೂ ಇಲ್ದೆ ಕೊನೆಗೆ ಬಂದಿದ್ದು ನನ್ನ ಜೇಬಿಂದ. ಆ ಸಣ್ಣ ಮುದ್ದೆ ಎಷ್ಟು ಸಣ್ದು ಅನ್ನೋ ವಿಷ್ಯದಲ್ಲಿ ನಮ್ಮ ಅತ್ತೆಗೂ ಮಾವನಿಗೂ ಇವತ್ತಿಗೂ ಜಗಳ ನಡೀತಿದೆ.

ಇನ್ನೊಂದು ಪುಟದಲ್ಲಿ ಬೊಜ್ಜಿನ ವಿಷ್ಯ ಇದೆ, ಅದನ್ನ ಓದಿ ನನಗೆ ಒಂದ್ನಿಮಿಷ ಆಸೆ ಹುಟ್ತು ನೋಡಿ. ಹೊಟ್ಟೆ ಆಪರೇಷನ್ ಮಾಡಿ ತೂಕ ಇಳ್ಸೋದಕ್ಕೆ ಲಕ್ಷಗಟ್ಲೆ ಬಿಲ್ಲಾದ್ರೂ ಕೊಡ್ತಾರಂತೆ, ಬಿಎಂಐ, ಅಂದ್ರೆ ಎತ್ತರಕ್ಕೆ ತಕ್ಕ ತೂಕದ ಲೆಕ್ಕ, 40 ಇರ್ಬೇಕು ಅಷ್ಟೇ. ಲೆಕ್ಕ ಹಾಕ್ದೆ, ನನ್ನ ಐದೂವರೆ ಅಡಿಗೆ ಹೆಚ್ಚೂಕಮ್ಮಿ 112 ಕೆಜಿ ಬೇಕು, ಸದ್ಯ 81 ಇದೀನಿ, ಇನ್ನೂ 31 ಕೆಜಿ ಬಾಕಿ. ಇಲ್ಲಾಂದ್ರೆ ಬಿಎಂಐ 35ಕ್ಕೂ ಆಗತ್ತೆ, ಆದ್ರೆ ಜೊತೆಗೆ ಹಾರ್ಟಿಂದೋ, ಕಂಟ್ರೋಲಿಗೆ ಬಾರದ ಶುಗರ್ರೋ, ಅಂಥದ್ದೊಂದು ದೊಡ್ಡ ಕಾಯಿಲೆ ಇರ್ಬೇಕು, ಮತ್ತೆ ತೂಕ ಇಳ್ಸೋ ಸಣ್ಣಪುಟ್ಟ ದಾರಿಗಳೆಲ್ಲ ಮೊದ್ಲು ಫೇಲ್ ಆಗಿರ್ಬೇಕು. ಈ ಸಣ್ಣಪುಟ್ಟ ದಾರಿ ಅಂದ್ರೆ ಯಾವ್ದು? ಇದೇ ಡಯಟ್ಟು! ಅಂದ್ರೆ ಫೇಲ್ ಆಗೋಕೆ ಟ್ಯೂಷನ್ ಫೀಸು ನಮ್ದು, ಫೇಲ್ ಆದ್ಮೇಲೆ ಕತ್ರಿ ಖರ್ಚು ಅವರ್ದು. ಯಾರಾದ್ರೂ ಗ್ರಹಚಾರ ಕೆಟ್ಟು ಪಾಸ್ ಆಗ್ಬಿಟ್ರೆ ನಯಾಪೈಸೆ ಇಲ್ಲ.

ರಾತ್ರಿ ನಮ್ಮ ಏಜೆಂಟ್‌ಗೆ ಫೋನ್ ಮಾಡ್ದೆ, ಏಜೆಂಟ್ ಅಂದ್ರೆ ನಮ್ಮ ಚಿಕ್ಕಪ್ಪನ ಮಗನೇ, ಪಾಲಿಸಿ ಮಾರೋವಾಗ ಮನೆಗೆ ಬಂದು ನಾಲ್ಕು ಹೋಳಿಗೆ ತಿಂದಿದ್ದ. "ಅಣ್ಣ, ಯಾಕಣ್ಣ ಟೆನ್ಷನ್, 18 ಪರ್ಸೆಂಟ್ ಜಿಎಸ್‌ಟಿನೂ ತೆಗೆದ್ರು ಹೋದ ಸೆಪ್ಟೆಂಬರಲ್ಲಿ..." "ಅದು 2025ರಲ್ಲಿ ತೆಗೆದಿದ್ದು ಗೊತ್ತು ಕಣೋ, ಡಯಟೀಶಿಯನ್‌ಗೆ ಕೊಡ್ತಾರಾ ಹೇಳು." "ಓಪಿಡಿ ರೈಡರ್ ಹಾಕ್ಸೋಣ ಅಣ್ಣ, ಅಡ್ಮಿಟ್ ಆಗ್ದೆ ತೋರ್ಸ್ಕೊಳ್ಳೋ ಖರ್ಚಿಗೆ ಎಕ್ಸ್‌ಟ್ರಾ ಕವರ್ ಅದು, ಕೆಲವು ಪ್ಲ್ಯಾನಲ್ಲಿ ಡಯಟೀಶಿಯನ್ನೂ ಬರತ್ತೆ." "ಎಷ್ಟಾಗತ್ತೆ?" "ವರ್ಷಕ್ಕೆ ನಾಲ್ಕೂವರೆ ಸಾವಿರ ಜಾಸ್ತಿ, ಐದು ಸಾವಿರದ ತನಕ ಕ್ಲೇಮ್ ಮಾಡ್ಬೋದು." ಅಂದ್ರೆ ನಾಲ್ಕೂವರೆ ಅವ್ರ ಕೈಗೆ ಕೊಟ್ಟು, ಐದು ವಾಪಸ್ ಇಸ್ಕೊಳ್ಳೋಕೆ ಬಿಲ್ಲು, ಚೀಟಿ, ಕ್ಯಾನ್ಸಲ್ಡ್ ಚೆಕ್ಕು, ಆಧಾರ್ ಕಾಪಿ ಎಲ್ಲ ಅಪ್‌ಲೋಡ್ ಮಾಡ್ತಾ ವರ್ಷ ಕಳೀಬೇಕು. ನಾನು ಸುಮ್ನಾದೆ. ಅವ್ನು ದನಿ ತಗ್ಗಿಸಿ, "ಅಣ್ಣ, ಬೇಜಾರು ಮಾಡ್ಕೋಬೇಡ, ನಿಜವಾಗ್ಲೂ ಏನಾದ್ರೂ ಆಗ್ಲಿ, ಪೂರ್ತಿ ಕ್ಯಾಶ್‌ಲೆಸ್ ಮಾಡಿಸ್ಕೊಡ್ತೀನಿ" ಅಂದ. ತಮ್ಮ ಅಂದ್ರೆ ಹಿಂಗಿರ್ಬೇಕು.

ಅವ್ನು ಸುಳ್ಳೇನೂ ಹೇಳ್ಲಿಲ್ಲ. ಶುಗರ್ ಏರಿ ಕಿಡ್ನಿ ಹೋದ್ರೆ ಡಯಾಲಿಸಿಸ್‌ಗೆ 24 ಗಂಟೆ ಮಲಗೋ ರೂಲೂ ಇಲ್ಲ, ಡೇ ಕೇರಲ್ಲಿ ಕೊಡ್ತಾರೆ. ಕಾಲು ಕೊಳೆತು ಬೆರಳು ತೆಗೀಬೇಕಂದ್ರೆ ಕೊಡ್ತಾರೆ, ಬೈಪಾಸ್‌ಗೆ ಕೊಡ್ತಾರೆ. ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್‌ನವ್ರು 2023ರಲ್ಲಿ ದೇಶದಲ್ಲಿ 10.1 ಕೋಟಿ ಜನಕ್ಕೆ ಶುಗರ್ ಇದೆ, ನನ್ ಥರ ಬೇಲಿ ಮೇಲೆ ಕೂತಿರೋರು 13.6 ಕೋಟಿ ಅಂತ ಲೆಕ್ಕ ಕೊಟ್ರು. ಮಾರನೇ ವರ್ಷ ಹೈದರಾಬಾದಿನ ಪೌಷ್ಟಿಕಾಂಶ ಸಂಸ್ಥೆಯವ್ರು ದೇಶದ ಕಾಯಿಲೆ ಹೊರೇಲಿ 56.4 ಪರ್ಸೆಂಟ್ ಬರೋದೇ ಕೆಟ್ಟ ಊಟದಿಂದ ಅಂದ್ರು. ಸರ್ಕಾರನೂ ಹಿಂದೆ ಬಿದ್ದಿಲ್ಲ, ಹಳೇ ಟ್ಯಾಕ್ಸ್ ಲೆಕ್ಕದಲ್ಲಿ ಇರೋರಿಗೆ ಚೆಕಪ್ಪಿಗೆ ಅಂತ 5,000 ರೂಪಾಯಿ ತನಕ ವಿನಾಯ್ತಿ ಇದೆ. ಕಾಯಿಲೆ ಕಂಡುಹಿಡಿಯೋಕೆ ಎಲ್ರೂ ಮುಂದೆ ಬರ್ತಾರೆ, ವಾಸಿ ಮಾಡೋಕೂ ಬರ್ತಾರೆ, ಮಧ್ಯದಲ್ಲಿ ತಟ್ಟೆ ಹತ್ರ ಬಂದಾಗ ಮಾತ್ರ ಒಬ್ರೂ ಇರಲ್ಲ, ಬಿಲ್ ಬಂದಾಗ ಹೋಟೆಲ್ಲಲ್ಲಿ ಕೈ ತೊಳ್ಯೋಕೆ ಎದ್ದೋಗೋ ಫ್ರೆಂಡ್ಸ್ ಥರ.

ಅಮೆರಿಕದಲ್ಲಿರೋ ನಮ್ಮ ಭಾವಮೈದ ಅಲ್ಲಿ ಹಂಗಿಲ್ಲ ಭಾವ ಅಂತ ಕೊಚ್ಕೊಂಡ. ಕೆದಕಿದ್ರೆ ಅಲ್ಲಿ ವಯಸ್ಸಾದವ್ರಿಗೆ ಸರ್ಕಾರ ನಡೆಸೋ ಮೆಡಿಕೇರ್ ಇನ್ಶೂರೆನ್ಸಲ್ಲಿ ಡಯಟೀಶಿಯನ್ ಇದಾರೆ ನಿಜ, 2002ರಿಂದ ಇದೆ, ಆದ್ರೆ ಶುಗರ್ ಇರ್ಬೇಕು, ಇಲ್ಲಾ ಕಿಡ್ನಿ ಕಾಯಿಲೆ ಇರ್ಬೇಕು, ಇಲ್ಲಾ ಕಿಡ್ನಿ ಕಸಿ ಆಗಿ 36 ತಿಂಗಳೊಳಗೆ ಇರ್ಬೇಕು. ಮೊದಲ ವರ್ಷ 3 ಗಂಟೆ, ಆಮೇಲೆ ವರ್ಷಕ್ಕೆ 2 ಗಂಟೆ. ಬರೀ ಬಿಪಿ ಇದ್ರೆ ಇಲ್ಲ. "ಹಂಗಾದ್ರೆ ಅಲ್ಲೂ ಬೇಲಿ ದಾಟೇ ಬರ್ಬೇಕು ಅನ್ನು" ಅಂದೆ, ನೆಟ್‌ವರ್ಕ್ ಸರಿ ಇಲ್ಲ ಅಂತ ಕಟ್ ಮಾಡ್ದ.

ನಮ್ಮ ಕಂಪನಿ ನನ್ನನ್ನ ಪೂರ್ತಿ ಕೈ ಬಿಟ್ಟಿದೆ ಅಂದ್ರೆ ತಪ್ಪಾಗತ್ತೆ, ಅವ್ರದ್ದೊಂದು ವೆಲ್‌ನೆಸ್ ಆ್ಯಪ್ ಇದೆ. ದಿನಕ್ಕೆ ಹತ್ತು ಸಾವಿರ ಹೆಜ್ಜೆ ನಡೆದ್ರೆ ಪಾಯಿಂಟ್ ಕೊಡ್ತಾರೆ, ರಿನೀವಲ್‌ನಲ್ಲಿ ಡಿಸ್ಕೌಂಟ್. ಮೊನ್ನೆ ಆಟೋದಲ್ಲಿ ಸಿಲ್ಕ್ ಬೋರ್ಡ್ ಕಡೆಯಿಂದ ಬಂದೆ, ಇಳಿದು ನೋಡಿದ್ರೆ ಎರಡು ಸಾವಿರದ ಮುನ್ನೂರು ಹೆಜ್ಜೆ ಆಗಿದೆ. ರಸ್ತೆ ಗುಂಡಿಗಳು ನನ್ನ ಪರವಾಗಿ ವಾಕ್ ಮಾಡ್ತಿವೆ. ಪಾಲಿಕೆಯವ್ರು ರಿಪೇರಿ ಗಿಪೇರಿ ಮಾಡಿ ನನ್ನ ಡಿಸ್ಕೌಂಟಿಗೆ ಕಲ್ಲು ಹಾಕ್ದೇ ಇದ್ರೆ ಸಾಕು.

ಕೊನೆಗೆ ಶನಿವಾರ 800 ರೂಪಾಯಿ ಕೈಯಿಂದ್ಲೇ ಕೊಟ್ಟು ಹೋದೆ. ಅಷ್ಟೊತ್ತಿಗಾಗ್ಲೇ ಎದುರು ಮನೆ ಆಂಟಿ ಹಾಗಲಕಾಯಿ ಜ್ಯೂಸು, ಪಾರ್ಕಿನ ಅಂಕಲ್ ನೇರಳೆ ಬೀಜದ ಪುಡಿ, ಆಫೀಸಿನ ಹುಡುಗ ಊಟನೇ ಬಿಟ್ಬಿಡಿ ಸಾರ್ ಅಂತ ಎಲ್ಲಾ ಫ್ರೀಯಾಗಿ ಹೇಳಾಗಿತ್ತು. ಆ ಮೇಡಂ ಮುಕ್ಕಾಲು ಗಂಟೆ ಕೂರ್ಸಿ ಕೇಳಿದ್ರು. ಬೆಳಗ್ಗೆ ಕಾಫಿಗೆ ಎಷ್ಟು ಚಮಚ, ಸಾರಿಗೆ ಬೆಲ್ಲ ಹಾಕ್ತೀರಾ, ಮುದ್ದೆ ಎಷ್ಟು ದೊಡ್ದು. ಕೈಯಲ್ಲಿ ತೋರಿಸ್ದೆ. ಅವ್ರು ನನ್ನ ಕೈ ನೋಡಿ ಡ್ರಾಯರ್‌ನಿಂದ ಒಂದು ಟೆನಿಸ್ ಬಾಲ್ ತೆಗೆದು ಟೇಬಲ್ ಮೇಲಿಟ್ರು. "ಇಷ್ಟು. ಜೊತೆಗೆ ಸೊಪ್ಪಿನ ಸಾರು, ಕಾಳು. ಮುದ್ದೆ ಬಿಡೋದೇನೂ ಬೇಡ." ಅದನ್ನ ಫೋಟೋ ತೆಗೆದು ಮಾವನಿಗೂ ಕಳ್ಸಿದೆ, ಅತ್ತೆ ಗೆದ್ದಿದಾರೆ.

ಮನೆಗೆ ಬರೋಷ್ಟರಲ್ಲಿ ಇನ್ಶೂರೆನ್ಸ್‌ನವ್ರ ಮೆಸೇಜು. ನಮ್ಮ ಜೊತೆ ಮಾತಾಡಿದ್ದಕ್ಕೆ ಧನ್ಯವಾದ, ನಮ್ಮ ಸೇವೆಗೆ 1ರಿಂದ 10ರೊಳಗೆ ಎಷ್ಟು ಅಂಕ ಕೊಡ್ತೀರಿ ಅಂತ. ನಾನು 6.3 ಅಂತ ಹಾಕಿ ಕಳ್ಸಿದೆ. ತಕ್ಷಣ ಉತ್ತರ ಬಂತು, ಇನ್‌ವ್ಯಾಲಿಡ್, ಪೂರ್ಣ ಸಂಖ್ಯೆ ಮಾತ್ರ ನಮೂದಿಸಿ.