ಊಟ ಹೇಗಿದೆ ಅಂತ ಆಮೇಲೆ ಕೇಳಿ
ಕುಡಿತ ಬಿಡಿಸೋ ಕೇಂದ್ರಕ್ಕೆ ಫೋನ್ ಮಾಡಿದಾಗ ಎಲ್ಲರೂ ಕೇಳೋದು ಎರಡೇ: ತಿಂಗಳಿಗೆಷ್ಟು, ಊಟ ಹೇಗೆ. ಮೊದಲು ಕೇಳಬೇಕಾದ್ದು, ರಾತ್ರಿ ಎರಡಕ್ಕೆ ಫಿಟ್ಸ್ ಬಂದರೆ ನೋಡೋರು ಯಾರು?

ವರ್ಷಗಟ್ಟಲೆ ದಿನಾ ಕುಡಿದವರು ಥಟ್ಟಂತ ನಿಲ್ಲಿಸಿದರೆ ಆರೆಂಟು ಗಂಟೆಯಲ್ಲೇ ಕೈ ನಡುಕ, ಬೆವರು, ವಾಕರಿಕೆ ಶುರುವಾಗುತ್ತೆ. ಫಿಟ್ಸ್ ಬರೋದಿದ್ದರೆ ಹೆಚ್ಚಾಗಿ ಮೊದಲ 48 ಗಂಟೆಯೊಳಗೆ. ಎರಡರಿಂದ ನಾಲ್ಕನೇ ದಿನ ಕೆಲವರಿಗೆ ಸನ್ನಿ: ಗೋಡೆ ಮೇಲೆ ಹುಳ ಹರಿದಾಡುತ್ತೆ, ಹೆಂಡತಿಯ ಗುರುತು ಸಿಗಲ್ಲ, ಮೈ ಕೆಂಡ. ಅದನ್ನ ನಾಟಕ ಅಂತ ಬೈದು ಕೋಣೆಗೆ ಬೀಗ ಹಾಕಿದರೆ ಹೆಣವೇ ಹೊರಗೆ ಬರಬಹುದು. ಅದಕ್ಕೆ ಕ್ಲೋರ್‌ಡಯಾಜೆಪಾಕ್ಸೈಡ್ ಅನ್ನೋ ಔಷಧಿ ಇದೆ, ಲಿವರ್ ಕೆಟ್ಟಿದ್ದರೆ ಲೊರಾಜೆಪಾಮ್. ಮೊದಲು ಜಾಸ್ತಿ ಕೊಟ್ಟು, ದಿನದಿನಕ್ಕೆ ಇಳಿಸಿ, ವಾರ ಹತ್ತು ದಿನದಲ್ಲಿ ನಿಲ್ಲಿಸ್ತಾರೆ. ಇನ್ನೊಂದು, ಥಯಾಮಿನ್ ಅಂದರೆ ವಿಟಮಿನ್ ಬಿ1 ಇಂಜೆಕ್ಷನ್. ಸುಸ್ತು ಅಂತ ಬರೀ ಗ್ಲೂಕೋಸ್ ಬಾಟಲಿ ಏರಿಸೋ ಚಾಳಿ ನಮ್ಮಲ್ಲಿದೆ. ಮೈಯಲ್ಲಿ ಬಿ1 ಬರಿದಾಗಿರೋವಾಗ ಹಾಗೆ ಮಾಡಿದರೆ ಮೆದುಳಿಗೇ ಪೆಟ್ಟು, ನೆನಪು ಮರಳಿ ಬಾರದೇ ಇರಬಹುದು. ಥಯಾಮಿನ್ ಮುಂಚೆ, ಗ್ಲೂಕೋಸ್ ಆಮೇಲೆ.

"ಆರು ತಿಂಗಳ ಪ್ಯಾಕೇಜ್, ನಾವೇ ಬಂದು ಎತ್ಕೊಂಡು ಹೋಗ್ತೀವಿ" ಅನ್ನೋರಿಂದ ದೂರ ಇರಿ. 2017ರ ಮಾನಸಿಕ ಆರೋಗ್ಯ ಕಾಯ್ದೆ ಕುಡಿತ, ಡ್ರಗ್ಸ್ ಚಟಕ್ಕೂ ಅನ್ವಯ. ತಾನಾಗೇ ಸೇರಿದವರು ತಾವೇ ಬಿಡುಗಡೆ ಕೇಳಬಹುದು. ಒಪ್ಪದವರನ್ನ 89ನೇ ಸೆಕ್ಷನ್ ಕೆಳಗೆ ಸೇರಿಸೋಕೆ ರೋಗಿಯ ಪ್ರತಿನಿಧಿ ಅರ್ಜಿ ಕೊಡಬೇಕು, ಒಬ್ಬ ಮನೋವೈದ್ಯರೂ ಸೇರಿ ಇಬ್ಬರು ಬೇರೆಬೇರೆಯಾಗಿ ಪರೀಕ್ಷಿಸಿರಬೇಕು. ಆಗಲೂ ಗರಿಷ್ಠ 30 ದಿನ, ಮುಂದುವರಿಸೋಕೆ ಹೊಸ ಪರೀಕ್ಷೆ. ಸರಪಳಿಯಂತೂ ಪೂರ್ತಿ ನಿಷೇಧ. ಕೇಂದ್ರದ ನೋಂದಣಿ ಪತ್ರ ತೋರಿಸಿ ಅಂದಾಗ ಮುಖ ಸಿಂಡರಿಸಿದರೆ ಬ್ಯಾಗ್ ಎತ್ಕೊಂಡು ವಾಪಸ್ ಬನ್ನಿ. ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್ ಸರ್ಕಾರಿ ಮಾನಸಿಕ ಆರೋಗ್ಯ ಸಂಸ್ಥೆಗಳೇ. ಎಲ್ಲಿಂದ ಶುರು ಮಾಡೋದು ತಿಳೀದಿದ್ದರೆ ಸರ್ಕಾರದ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡ್ತಾರೆ.

ಸಾರಿನಲ್ಲಿ ಗುಟ್ಟಾಗಿ ಮಾತ್ರೆ ಬೆರೆಸೋ ಉಪಾಯ ಹೇಳೋರೂ ಇದ್ದಾರೆ. ಆ ಮಾತ್ರೆ ಡೈಸಲ್ಫಿರಾಮ್, ಅದರ ಮೇಲೆ ಕುಡಿದರೆ ಮೈಗೆ ಆಗಿಬರಲ್ಲ. ಅದು ಹೊಟ್ಟೆಯಲ್ಲಿರೋದು ಗೊತ್ತಿಲ್ಲದೆ ಕುಡಿದರೆ ಬಿಪಿ ಕುಸಿದು ಐಸಿಯು ಸೇರಬೇಕಾದೀತು.

ಹೆರಾಯಿನ್ ಚಟದ ಹುಡುಗರ ಮನೆಯವರಿಗೆ ಬೇರೆ ಎಚ್ಚರಿಕೆ. ತಿಂಗಳು ಕೇಂದ್ರದೊಳಗಿದ್ದ ದೇಹ ಹೆರಾಯಿನ್ ತಾಳೋ ಶಕ್ತಿ ಕಳ್ಕೊಂಡಿರುತ್ತೆ. ಹೊರಬಂದು ಹಳೇ ಅಳತೆಯಲ್ಲೇ ಒಂದು ಸಲ ತಗೊಂಡರೂ ಉಸಿರು ನಿಲ್ಲಬಹುದು. ಹೆರಾಯಿನ್ ಬದಲಿಗೆ ಕೊಡೋ ಬುಪ್ರಿನಾರ್ಫಿನ್ ಔಷಧಿ ಮುಂದುವರಿಸಿ ಅಂತ ಡಾಕ್ಟರ್ ಹೇಳಿದಾಗ "ಇದೂ ಒಂದು ಚಟ ತಾನೇ" ಅಂತ ಕಿತ್ತುಕೊಳ್ಳಬೇಡಿ. ಮೊದಲ ಫಾಲೋಅಪ್ ಒಂದು ವಾರದೊಳಗೇ ಇರಲಿ, ತಾರೀಖು ಡಿಸ್ಚಾರ್ಜ್ ಚೀಟಿ ಮೇಲೆ ಬರೆಸಿಕೊಂಡೇ ಗೇಟು ದಾಟಿ.