ಹಾರ್ಲಿಕ್ಸ್ ಬಾಟಲಿಯೊಳಗಿನ ಟ್ರ್ಯಾಕುಗಳು

ನಮ್ಮ ಮನೆಯ ಶೋಕೇಸಿನಲ್ಲಿ ಒಂದು ಹಳೇ ಹಾರ್ಲಿಕ್ಸ್ ಬಾಟಲಿ ಇದೆ. ಅದರೊಳಗೆ ಕಪ್ಪು ಕಪ್ಪಗೆ ಸುರುಟಿಕೊಂಡ ಚೂರುಗಳಿವೆ. ಕೆಲವು ಕಡಲೆಕಾಳಿನಷ್ಟು, ಕೆಲವು ಹುಣಸೆಬೀಜದಷ್ಟು. ದೂರದಿಂದ ನೋಡಿದರೆ ಒಣದ್ರಾಕ್ಷಿ. ಹತ್ತಿರದಿಂದ ನೋಡಿದರೆ, ಹೇಳಬಾರದು, ಇಲಿ ಹಿಕ್ಕೆ. ಈ ಹೋಲಿಕೆಯಿಂದಾಗಿಯೇ ಒಂದು ವರ್ಷ ಯುಗಾದಿಗೆ ಮನೆ ಗುಡಿಸಿ ಸಾರಿಸುವಾಗ ನನ್ನ ಮೊದಲ ಸಂಗ್ರಹವಿಡೀ ಕಸದ ಬುಟ್ಟಿ ಸೇರಿತು. ಆಮೇಲೆ ಬಾಟಲಿಗೆ ಒಂದು ಚೀಟಿ ಅಂಟಿಸಿದೆ. 'ಟೈರು. ಬಿಸಾಡಬೇಡಿ.'

ಹೌದು, ಟೈರೇ. ರೇಸ್ ಕಾರಿನ ಟೈರು ಓಡುತ್ತಾ ಓಡುತ್ತಾ ಕಾದು ಮೆತ್ತಗಾಗುತ್ತದೆ. ತಿರುವಿನಲ್ಲಿ ಉಜ್ಜಿ ಉಜ್ಜಿ ಅದರ ಮೈಯಿಂದ ರಬ್ಬರು ಎದ್ದು ಬರುತ್ತದೆ. ನಾವು ಸ್ಕೂಲಿನಲ್ಲಿ ರಬ್ಬರಿನಿಂದ ಅಳಿಸಿದಾಗ ಹಾಳೆಯ ಮೇಲೆ ಉಳಿಯುತ್ತಿತ್ತಲ್ಲ, ಅದೇ ಥರ. ಅದು ಉಂಡೆಯಾಗಿ ಟ್ರ್ಯಾಕಿನ ಅಂಚಿಗೆ ಸೇರುತ್ತದೆ. ರೇಸಿನವರು ಅದನ್ನು ಗೋಲಿ ಅನ್ನುತ್ತಾರೆ. ಓಡುವ ದಾರಿ ಬಿಟ್ಟು ಆ ಗೋಲಿಗಳ ಮೇಲೆ ಹೋದರೆ ಕಾರು ಜಾರಿತು ಅಂತಲೇ ಲೆಕ್ಕ. ಇನ್ನೊಂದು ಮಜಾ ಇದೆ. ಫಾರ್ಮುಲಾ ಒನ್ ರೇಸ್ ಮುಗಿದ ಮೇಲೆ ಡ್ರೈವರುಗಳು ಬೇಕಂತಲೇ ಈ ಚೂರುಗಳ ಮೇಲೆ ಕಾರು ಹತ್ತಿಸಿಕೊಂಡು ನಿಧಾನಕ್ಕೆ ವಾಪಸು ಬರುತ್ತಾರೆ. ಬಿಸಿ ಟೈರಿಗೆ ಅವು ಮೆತ್ತಿಕೊಳ್ಳುತ್ತವೆ, ಕೊನೆಯಲ್ಲಿ ಕಾರು ತೂಗುವಾಗ ತೂಕ ಕಮ್ಮಿ ಬೀಳಬಾರದಲ್ಲ. ಹಳೇ ಪೇಪರ್ ತೂಕಕ್ಕೆ ಹಾಕುವಾಗ ನಾವು ಮಾಡುವ ಕಿತಾಪತಿ ಅಲ್ಲೂ ನಡೆಯುತ್ತದೆ ಎಂದು ತಿಳಿದಾಗ ನನಗೆ ಸಮಾಧಾನವಾಯಿತು. ರಬ್ಬರು ಆಯುವವನು ನಾನೊಬ್ಬನೇ ಅಲ್ಲ.

ಕೆಲವರು ಬೆಟ್ಟ ಹತ್ತುತ್ತಾರೆ, ಕೆಲವರು ಹಕ್ಕಿ ನೋಡುತ್ತಾರೆ. ನಾನು ರೇಸ್ ಟ್ರ್ಯಾಕ್ ನೋಡಲು ಹೋಗುತ್ತೇನೆ. ಅದರಲ್ಲೂ ರೇಸ್ ಇಲ್ಲದ ದಿನ. ರೇಸ್ ಇದ್ದಾಗ ಟ್ರ್ಯಾಕ್ ಎಲ್ಲಿ ಕಾಣುತ್ತದೆ? ಮುಂದಿನವರ ತಲೆ ಕಾಣುತ್ತದೆ, ಜೀರುಂಡೆ ಥರ ಏನೋ ಗುಂಯ್ ಅಂತ ಹೋಗುತ್ತದೆ, ಅಷ್ಟೆ. ಟ್ರ್ಯಾಕ್ ನೋಡಬೇಕಾದರೆ ಅದು ಖಾಲಿ ಇರಬೇಕು. ಇದನ್ನು ಕಾವಲುಗಾರರಿಗೆ ಅರ್ಥ ಮಾಡಿಸುವುದು ಕಷ್ಟ. ಒಂದು ಕಡೆ, ಎಲ್ಲಿ ಅಂತ ಬೇಡ, ಗೇಟಿನಲ್ಲಿದ್ದವರು "ಇವತ್ತು ರೇಸ್ ಇಲ್ಲ" ಅಂದರು. "ಅದಕ್ಕೇ ಬಂದೆ" ಅಂದೆ. ಅವರು ನನ್ನನ್ನು ಮೇಲಿಂದ ಕೆಳಗಿನ ತನಕ ನೋಡಿದರು. ರಿಜಿಸ್ಟರ್ ಮುಂದಿಟ್ಟರು. ಹೆಸರು, ಊರು, ಗಾಡಿ ನಂಬರು ಎಲ್ಲ ತುಂಬಿದೆ. 'ಬಂದ ಉದ್ದೇಶ' ಅನ್ನುವ ಕಡೆ ಪೆನ್ನು ನಿಂತಿತು. ಕೊನೆಗೆ 'ಸುಮ್ನೆ' ಅಂತ ಬರೆದೆ. ಒಳಗೆ ಬಿಡಲಿಲ್ಲ.

ಈ ಹುಚ್ಚು ಹತ್ತಿಸಿದ್ದು ನನ್ನ ಸೋದರಮಾವ. ಮೈಸೂರಿನವರು. ಅವರ ಹತ್ತಿರ ಒಂದು ಯೆಜ್ಡಿ ಬೈಕಿತ್ತು. ಯಾದವಗಿರಿಯ ಫ್ಯಾಕ್ಟರಿಯಲ್ಲೇ ತಯಾರಾದದ್ದು, ಹಾಗಾಗಿ ಅದನ್ನು ಮನೆಮಗಳ ಥರ ನೋಡಿಕೊಳ್ಳುತ್ತಿದ್ದರು. ನಾನು ಪ್ರೈಮರಿ ಸ್ಕೂಲಿನಲ್ಲಿದ್ದಾಗ ಅವರು ಆ ಬೈಕ್ ಹತ್ತಿ ಮದ್ರಾಸಿನ ಆಚೆಯ ಶೋಳಾವರಕ್ಕೆ ರೇಸ್ ನೋಡಲು ಹೋಗುತ್ತಿದ್ದರು. ಶೋಳಾವರದ್ದು ಎರಡನೇ ಮಹಾಯುದ್ಧದ ಕಾಲದ ವಿಮಾನದ ರನ್‌ವೇ. ಯುದ್ಧ ಮುಗಿದ ಮೇಲೆ ಅಲ್ಲಿ ಕಾರು, ಬೈಕು ಓಡಿಸಲು ಶುರು ಮಾಡಿದರು. ನಮ್ಮ ಮೈಸೂರಿನ ಯೆಜ್ಡಿಗಳೂ ಅಲ್ಲಿ ಓಡಿದವು. ಬೆಂಗಳೂರಿನ ವಿಜಯ್ ಮಲ್ಯ ಎನ್ಸೈನ್ ಎಂಬ ನಿಜವಾದ ಫಾರ್ಮುಲಾ ಒನ್ ಕಾರನ್ನೇ ತಂದು ಓಡಿಸಿದ್ದೂ ಅಲ್ಲೇ. ಮಾಮ ವಾಪಸು ಬರುವಾಗ ಮೂಗು ಸುಟ್ಟು ಸಿಪ್ಪೆ ಏಳುತ್ತಿರುತ್ತಿತ್ತು. ಶರಟಿನಲ್ಲಿ ಸುಟ್ಟ ಎಣ್ಣೆಯ ವಾಸನೆ. ಅತ್ತೆ ಆ ಶರಟನ್ನು ಬೇರೆ ಬಕೆಟ್ಟಿನಲ್ಲಿ ನೆನೆಹಾಕುತ್ತಿದ್ದರು. ನಾನು ಮಾತ್ರ ಬಕೆಟ್ಟಿನ ಹತ್ತಿರ ಸುಳಿದಾಡುತ್ತಿದ್ದೆ.

ನಾನು ದೊಡ್ಡವನಾಗುವ ಹೊತ್ತಿಗೆ ಶೋಳಾವರದ ಕಾಲ ಮುಗಿದಿತ್ತು. 1990ರಲ್ಲಿ ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬಿನವರು ಶ್ರೀಪೆರುಂಬುದೂರಿನ ಹತ್ತಿರ ಇರುಂಗಾಟ್ಟುಕೋಟ್ಟೈಯಲ್ಲಿ ಸರಿಯಾದ ಟ್ರ್ಯಾಕ್ ಕಟ್ಟಿದರು. ಸುಮಾರು 3.7 ಕಿಲೋಮೀಟರು, 12 ತಿರುವು. ಬೆಂಗಳೂರಿನಿಂದ ಬೆಳಗಿನ ಜಾವ ಹೊರಟರೆ ವೆಲ್ಲೂರಿನ ಆಸುಪಾಸು ತಿಂಡಿ, ಬಿಸಿಲೇರುವ ಹೊತ್ತಿಗೆ ಟ್ರ್ಯಾಕು.

ಅಲ್ಲಿಗೆ ಒಮ್ಮೆ ಅಮ್ಮನೂ ಬಂದರು. ನನ್ನ ಟ್ರ್ಯಾಕಿಗಲ್ಲ, ಶ್ರೀಪೆರುಂಬುದೂರಿಗೆ. ಅದು ರಾಮಾನುಜಾಚಾರ್ಯರು ಹುಟ್ಟಿದ ಊರು. ವರ್ಷಕ್ಕೊಮ್ಮೆ ಮೇಲುಕೋಟೆಗೆ ಹೋಗುವ ಅಮ್ಮನಿಗೆ ಅದನ್ನು ನೋಡುವ ಆಸೆ ಬಹಳ ದಿನದಿಂದ ಇತ್ತು. ಅವರನ್ನು ದೇವಸ್ಥಾನದಲ್ಲಿ ಬಿಟ್ಟು ನಾನು ಟ್ರ್ಯಾಕಿಗೆ ಹೋಗಿ ಬಂದೆ. ವಾಪಸು ಬರುವಾಗ ಕಾರಿನಲ್ಲಿ ಕೇಳಿದರು. "ಅಲ್ಲಿ ಸುತ್ತುತ್ತಾರಲ್ಲ, ಬಲಕ್ಕೋ ಎಡಕ್ಕೋ?"

ನಿಜ ಹೇಳಬೇಕೆಂದರೆ ಅಷ್ಟು ವರ್ಷದಲ್ಲಿ ನಾನೇ ಅದನ್ನು ಯೋಚಿಸಿರಲಿಲ್ಲ. ಮನೆಗೆ ಬಂದು ನೋಡಿದೆ. ಹೆಚ್ಚಿನ ಟ್ರ್ಯಾಕುಗಳು ಗಡಿಯಾರದ ಮುಳ್ಳು ತಿರುಗುವ ದಿಕ್ಕಿನಲ್ಲೇ ಓಡುತ್ತವೆ. ಅಂದರೆ ಶುದ್ಧ ಪ್ರದಕ್ಷಿಣೆ. ಇಟಲಿಯ ಇಮೋಲಾ, ಬ್ರೆಜಿಲಿನ ಇಂಟರ್‌ಲಾಗೋಸ್ ಥರದ ಕೆಲವು ಮಾತ್ರ ಉಲ್ಟಾ. ಅಮೆರಿಕದ ಮೊಟ್ಟೆಯಾಕಾರದ ಟ್ರ್ಯಾಕುಗಳಲ್ಲಂತೂ ಬರೀ ಎಡಕ್ಕೇ ತಿರುವು. ಇಂಟರ್‌ಲಾಗೋಸಿಗೆ ಹೋದಾಗ ಡ್ರೈವರುಗಳಿಗೆ ಕುತ್ತಿಗೆ ನೋವು ಬರುತ್ತದೆ. ಉಳಿದ ಕಡೆ ಒಂದು ಪಕ್ಕದ ಸ್ನಾಯು ಪಳಗಿರುತ್ತದೆ, ಇಲ್ಲಿ ಇನ್ನೊಂದು ಪಕ್ಕಕ್ಕೆ ಕೆಲಸ ಬೀಳುತ್ತದೆ. ಅಮ್ಮನಿಗೆ ಹೇಳಿದೆ. "ಅಪ್ರದಕ್ಷಿಣೆ ಹಾಕಿದ್ರೆ ಕುತ್ತಿಗೆ ನೋಯದೆ ಇನ್ನೇನಾಗತ್ತೆ" ಅಂದು ಬತ್ತಿ ಹೊಸೆಯುವುದನ್ನು ಮುಂದುವರಿಸಿದರು.

ಕೊಯಮತ್ತೂರಿನ ಹೊರಗೆ ಚೆಟ್ಟಿಪಾಳ್ಯದಲ್ಲಿ ಕರಿ ಮೋಟಾರ್ ಸ್ಪೀಡ್‌ವೇ ಇದೆ. ಚಿಕ್ಕದು, 2.1 ಕಿಲೋಮೀಟರು. ಮಾರುತಿಯ ಇಂಜಿನ್ನು ಹಾಕಿ ಅಗ್ಗದ ರೇಸ್ ಕಾರು ಮಾಡಿಕೊಟ್ಟು ಒಂದು ತಲೆಮಾರಿನ ಹುಡುಗರನ್ನು ಬೆಳೆಸಿದ ಎಸ್. ಕರಿವರ್ಧನ್ ಅವರ ಹೆಸರಿನದು. ಅವರು 1995ರಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡರು. ಫಾರ್ಮುಲಾ ಒನ್ನಿಗೆ ಹೋದ ಮೊದಲ ಭಾರತೀಯ ನರೇನ್ ಕಾರ್ತಿಕೇಯನ್ ಇದೇ ಕೊಯಮತ್ತೂರಿನವರು. 2005ರಲ್ಲಿ ಇಂಡಿಯಾನಾಪೊಲಿಸ್‌ನಲ್ಲಿ ಟೈರಿನ ತಕರಾರಿನಿಂದ ಹದಿನಾಲ್ಕು ಕಾರು ಹಿಂದೆ ಸರಿದು ಆರೇ ಕಾರು ಓಡಿದವು. ನಮ್ಮವರು ನಾಲ್ಕನೆಯವರು. ಆರರಲ್ಲಿ ನಾಲ್ಕನೆಯದೇ ಅಂತ ನಗುವವರಿದ್ದಾರೆ. ಅವರನ್ನು ನಾನು ಮನೆಗೆ ಕರೆಯುವುದಿಲ್ಲ.

ಗ್ರೇಟರ್ ನೋಯ್ಡಾದ ಬುದ್ಧ ಸರ್ಕ್ಯೂಟಿನದು ಬೇರೆ ಕಥೆ. 5.125 ಕಿಲೋಮೀಟರು, ಯಮುನಾ ಎಕ್ಸ್‌ಪ್ರೆಸ್‌ವೇ ಪಕ್ಕದಲ್ಲೇ. 2011ರಿಂದ 2013ರ ತನಕ ಮೂರು ಸಲ ಫಾರ್ಮುಲಾ ಒನ್ ನಡೆಯಿತು. ಮೂರೂ ಸಲ ವೆಟ್ಟೆಲ್ ಗೆದ್ದರು. ಆದರೆ ನನಗೆ ನೆನಪಿರುವುದು ಬೇರೊಬ್ಬ ಓಟಗಾರ. ಮೊದಲ ವರ್ಷದ ಮೊದಲ ಅಭ್ಯಾಸದ ಓಟದಲ್ಲೇ ಒಂದು ಬೀದಿನಾಯಿ ಟ್ರ್ಯಾಕಿಗೆ ಬಂದು ಓಟ ನಿಲ್ಲಿಸಿತು. ಕೆಂಪು ಬಾವುಟ. ಪ್ರಪಂಚದವರೆಲ್ಲ ನಗುತ್ತಿದ್ದರು, ನನಗೆ ಮಾತ್ರ ಆ ನಾಯಿ ನಮ್ಮ ರಸ್ತೆಯದೇ ಅನ್ನಿಸಿತು. ನಾನು ಹೋದದ್ದು ಆಮೇಲೆ, ಯಾವ ದೊಡ್ಡ ರೇಸೂ ಇಲ್ಲದ ವರ್ಷಗಳಲ್ಲಿ. ಸಾವಿರಾರು ಖಾಲಿ ಕುರ್ಚಿ, ಅದರ ಮೇಲೆ ಬೆರಳಿನಲ್ಲಿ ಹೆಸರು ಬರೆಯುವಷ್ಟು ಧೂಳು. ಮದುವೆ ಮುಗಿದ ಮೇಲಿನ ಛತ್ರದ ಹಾಗಿತ್ತು.

ಮಗಳು ಓದಲು ಜರ್ಮನಿಗೆ ಹೊರಟಾಗ ಎರಡು ಊರಿನ ಕಾಲೇಜುಗಳಲ್ಲಿ ಸೀಟು ಸಿಕ್ಕಿತ್ತು. ಆಖೆನ್ ಒಳ್ಳೆಯದು ಅಂತ ನಾನು ಜೋರಾಗಿ ಹೇಳಿದೆ. ಕಾಲೇಜು ನಿಜಕ್ಕೂ ಒಳ್ಳೆಯದೇ. ಆದರೆ ಅಲ್ಲಿಂದ ಬೆಲ್ಜಿಯಂನ ಸ್ಪಾ ಟ್ರ್ಯಾಕು ಒಂದು ಗಂಟೆಯ ದಾರಿ, ಜರ್ಮನಿಯದೇ ಆದ ನ್ಯೂರ್‌ಬರ್ಗ್‌ರಿಂಗ್ ಟ್ರ್ಯಾಕು ಒಂದೂವರೆ ಗಂಟೆಯ ದಾರಿ ಎನ್ನುವುದನ್ನು ಮನೆಯಲ್ಲಿ ಯಾರೂ ಮ್ಯಾಪು ತೆಗೆದು ನೋಡಲಿಲ್ಲ. ಮುಂದಿನ ವರ್ಷ ಮಗಳನ್ನು ನೋಡಲು ನಾವಿಬ್ಬರೂ ಹೋದೆವು. ಮೂರನೇ ದಿನ ಹೆಂಡತಿಗೆ ಎಲ್ಲ ಗೊತ್ತಾಯಿತು.

ಸ್ಪಾದಲ್ಲಿ ಓ ರೂಜ್ ಅನ್ನುವ ಜಾಗವಿದೆ. ಕೆಂಪು ನೀರು ಅಂತ ಅರ್ಥ. ಟ್ರ್ಯಾಕಿನ ಅಡಿಯಲ್ಲಿ ಹರಿಯುವ ತೊರೆಯ ಹೆಸರು ಅದು. ತೊರೆ ಅಂದರೆ ದೊಡ್ಡದೇನಲ್ಲ, ನಮ್ಮ ಕಡೆಯ ಗದ್ದೆಯ ಕಾಲುವೆಯಷ್ಟು. ಕಾರುಗಳು ಇಳಿಜಾರಿನಲ್ಲಿ ಬಂದು ಅದನ್ನು ದಾಟಿ ಎಡಕ್ಕೆ, ಬಲಕ್ಕೆ ತಿರುಗಿ ಎದುರಿನ ಗುಡ್ಡ ಹತ್ತುತ್ತವೆ. ಟಿವಿಯಲ್ಲಿ ನೂರು ಸಲ ನೋಡಿದ್ದೆ. ಟಿವಿಯಲ್ಲಿ ಅದು ಹಾಸಿದ ಚಾಪೆಯ ತುದಿ ಸ್ವಲ್ಪ ಎದ್ದ ಹಾಗೆ ಕಾಣುತ್ತದೆ. ಅಲ್ಲಿ ಬುಡದಲ್ಲಿ ನಿಂತು ತಲೆ ಎತ್ತಿದರೆ ಗೋಡೆ! ಹತ್ತು ಮಹಡಿಯಷ್ಟು ಎತ್ತರಕ್ಕೆ ರಸ್ತೆ ಎದ್ದು ನಿಂತಿದೆ. ಅದರ ನೆತ್ತಿಯ ಆಚೆ ಏನೂ ಕಾಣುವುದಿಲ್ಲ, ಬರೀ ಆಕಾಶ. ಡ್ರೈವರಿಗೆ ಕಾಣುವುದೂ ಅಷ್ಟೇ. ಆ ಆಕಾಶವನ್ನು ನೋಡಿಕೊಂಡು ಆಕ್ಸಿಲರೇಟರಿನಿಂದ ಕಾಲು ತೆಗೆಯದೆ ಹತ್ತುತ್ತಾರೆ.

ಬೇಲಿಯ ಪಕ್ಕದ ಕಾಲುದಾರಿಯಲ್ಲಿ ನಾವೂ ಹತ್ತಿದೆವು. ಅರ್ಧದಲ್ಲಿ ಹೆಂಡತಿ ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಇದನ್ನ ಹತ್ತೋಕೆ ಜರ್ಮನಿ ತನಕ ಬರ್ಬೇಕಿತ್ತಾ? ನಂದಿ ಬೆಟ್ಟ ಇರ್ಲಿಲ್ವಾ?"

"ಇದು ಬೆಲ್ಜಿಯಂ" ಅಂದೆ.

ಆ ಸಮಯದಲ್ಲಿ ಹೇಳಬೇಕಾದ ಮಾತು ಅದಾಗಿರಲಿಲ್ಲ. ಆದರೆ ಅವಳ ಮಂಡಿಗೆ ಗೊತ್ತಾದ ವಿಷಯ ನಲವತ್ತು ಇಂಚಿನ ಟಿವಿಗೆ ಇವತ್ತಿಗೂ ಗೊತ್ತಿಲ್ಲ. ನಾನು ಊರೂರು ತಿರುಗಿ ಟ್ರ್ಯಾಕ್ ನೋಡುವುದು ಈ ಏರಿಳಿತಕ್ಕಾಗಿಯೇ.

ಹಳೇ ಕಾಲದ ಸ್ಪಾ ಟ್ರ್ಯಾಕು ಈಗಿನದರ ಎರಡರಷ್ಟಿತ್ತು, 14 ಕಿಲೋಮೀಟರು. ಊರಿನ ರಸ್ತೆಗಳೇ ಟ್ರ್ಯಾಕು. ಆ ರಸ್ತೆಗಳು ಈಗಲೂ ಇವೆ, ಯಾರು ಬೇಕಾದರೂ ಹೋಗಬಹುದು. ಮಸ್ತಾ ಎಂಬಲ್ಲಿ ಉದ್ದನೆಯ ನೇರ ರಸ್ತೆ, ನಡುವೆ ಮನೆಗಳ ಪಕ್ಕದಲ್ಲಿ ಸಣ್ಣದೊಂದು ಸೊಟ್ಟ. 1966ರಲ್ಲಿ ಮಳೆಯಲ್ಲಿ ಜಾಕಿ ಸ್ಟೀವರ್ಟ್ ಅಲ್ಲೇ ರಸ್ತೆ ಬಿಟ್ಟು ಹೋದರು. ನಜ್ಜುಗುಜ್ಜಾದ ಕಾರಿನೊಳಗೆ ಸಿಕ್ಕಿಬಿದ್ದಿದ್ದರು, ಮೈಮೇಲೆಲ್ಲ ಪೆಟ್ರೋಲು. ಸ್ಟೀರಿಂಗ್ ಬಿಚ್ಚಲು ಜೊತೆಯ ಡ್ರೈವರುಗಳು ನೋಡುತ್ತ ನಿಂತವರೊಬ್ಬರ ಸ್ಪ್ಯಾನರ್ ಇಸಕೊಳ್ಳಬೇಕಾಯಿತು. ಆಮೇಲೆ ಸ್ಟೀವರ್ಟ್ ಜೀವನವಿಡೀ ಟ್ರ್ಯಾಕಿನ ಸುರಕ್ಷತೆಗಾಗಿ ಜಗಳವಾಡಿದರು. ನಾವು ಹೋದಾಗ ಮುಂದೆ ಹುಲ್ಲು ಹೊತ್ತ ಒಂದು ಟ್ರ್ಯಾಕ್ಟರ್ ಇತ್ತು. ಮಸ್ತಾದ ನೇರ ರಸ್ತೆಯನ್ನು ಇಷ್ಟು ನಿಧಾನಕ್ಕೆ ದಾಟಿದವರು ಇನ್ಯಾರೂ ಇರಲಿಕ್ಕಿಲ್ಲ. ಮಗಳು ಹಾರನ್ ಒತ್ತಲು ಹೋದಳು. ಬೇಡ ಅಂದೆ.

ನ್ಯೂರ್‌ಬರ್ಗ್‌ರಿಂಗಿನ ಹಳೇ ಟ್ರ್ಯಾಕು, ನಾರ್ಡ್‌ಶ್ಲೈಫೆ, ಸುಮಾರು 20.8 ಕಿಲೋಮೀಟರು. 1927ರದು. ಕಾಡು ಗುಡ್ಡದ ನಡುವೆ ಹಾವಿನ ಥರ ಬಿದ್ದುಕೊಂಡಿದೆ. 'ಹಸಿರು ನರಕ' ಅಂತ ಹೆಸರಿಟ್ಟವರೂ ಸ್ಟೀವರ್ಟೇ. 1976ರಲ್ಲಿ ಫಾರ್ಮುಲಾ ಒನ್ ಡ್ರೈವರ್ ನಿಕಿ ಲೌಡಾ ಅಪಘಾತವಾಗಿ ಬೆಂಕಿಗೆ ಸಿಕ್ಕಿದ್ದು ಇಲ್ಲಿ, ಆಮೇಲೆ ಫಾರ್ಮುಲಾ ಒನ್ ಈ ಟ್ರ್ಯಾಕಿಗೆ ಬರಲೇ ಇಲ್ಲ. ಆದರೆ ರೇಸ್ ಇಲ್ಲದ ಎಷ್ಟೋ ದಿನ ಇದು ಟೋಲ್ ರಸ್ತೆ! ದುಡ್ಡು ಕಟ್ಟಿ ಗೇಟಿನಲ್ಲಿ ಕಾರ್ಡು ತೋರಿಸಿದರೆ ನಿಮ್ಮ ಕಾರಿನಲ್ಲಿ ನೀವು ಒಂದು ಸುತ್ತು ಹೋಗಬಹುದು. ಎಡಗಡೆಯಿಂದಲೇ ಮುಂದೆ ಹೋಗಬೇಕು, ಟೈಮ್ ಅಳೆಯುವ ಹಾಗಿಲ್ಲ. ಬಡಿದು ತಡೆಬೇಲಿಯ ತಗಡು ಬಗ್ಗಿಸಿದರೆ ಅದರ ಬಿಲ್ಲು, ಕಾರು ಎಳೆದುಕೊಂಡು ಹೋದ ಬಿಲ್ಲು ಎಲ್ಲ ನಿಮ್ಮದೇ. ನಮ್ಮದು ಬಾಡಿಗೆ ಕಾರು. ಆ ಕಾಗದವನ್ನು ಹೆಂಡತಿ ಜೋರಾಗಿ ಓದಿ ಹೇಳಿದಳು. ಹಾಗಾಗಿ ಬ್ರುನ್‌ಹೆನ್ ಎಂಬ ತಿರುವಿನ ಬೇಲಿಯ ಹತ್ತಿರ ಕೂತು ನೋಡಿದೆವು.

ಪಕ್ಕದವರು ಮಡಿಸುವ ಕುರ್ಚಿ ತಂದಿದ್ದರು. ನಾವು ಪುಳಿಯೋಗರೆ ತಂದಿದ್ದೆವು. ಪೋರ್ಷೆಗಳು ಹೋದವು, ಬೈಕುಗಳು ಮಂಡಿ ನೆಲಕ್ಕೆ ಸವರಿಕೊಂಡು ಹೋದವು. ಅವುಗಳ ಹಿಂದೆ ಒಂದು ಬಿಳೀ ಫ್ಯಾಮಿಲಿ ಕಾರು ಬಂತು. ಹಿಂದಿನ ಸೀಟಿನ ಕಿಟಕಿಗೆ ಮಗುವಿಗೆ ಬಿಸಿಲು ತಾಗದ ಹಾಗೆ ಹಾಕುವ ಆನೆ ಚಿತ್ರದ ಪರದೆ. ಸೀಟಿನಲ್ಲಿ ಮಗು ಇರಲಿಲ್ಲ. ಓಡಿಸುತ್ತಿದ್ದ ಮನುಷ್ಯ ವಯಸ್ಸಿನಲ್ಲಿ ನನಗಿಂತ ಸ್ವಲ್ಪ ಚಿಕ್ಕವನು. ಎರಡೂ ಕೈಯಲ್ಲಿ ಸ್ಟೀರಿಂಗ್ ಗಟ್ಟಿಯಾಗಿ ಹಿಡಿದು, ತುಟಿ ಕಚ್ಚಿಕೊಂಡು, ಬಲಗಡೆಯ ಇಂಡಿಕೇಟರ್ ಹಾಕಿಕೊಂಡೇ ತಿರುವು ದಾಟಿದ. ಹೆಂಡತಿ ತುತ್ತು ಕೈಯಲ್ಲೇ ಹಿಡಿದು ನೋಡುತ್ತಿದ್ದಳು. "ಹಾಲು ತರ್ತೀನಿ ಅಂತ ಹೇಳಿ ಬಂದಿರ್ಬೇಕು" ಅಂದಳು.

ಬೇಲಿಯ ಬುಡದಲ್ಲಿ ಎರಡು ಚೂರು ಸಿಕ್ಕವು. ಒಂದನ್ನು ಮಾಮನಿಗೆ ಅಂತ ಕಾಗದದಲ್ಲಿ ಸುತ್ತಿಟ್ಟೆ.

ಮಾಮನಿಗೆ ಈಗ ಎಂಬತ್ತು ದಾಟಿದೆ. ಯೆಜ್ಡಿ ಮಾರಿ ಯಾವ ಕಾಲವಾಯಿತೋ. ಹೋದ ತಿಂಗಳು ಮೈಸೂರಿಗೆ ಹೋದಾಗ ಫೋನಿನಲ್ಲಿ ವಿಡಿಯೋ ತೋರಿಸಿದೆ. ಕನ್ನಡಕ ಏರಿಸಿ, ಇಳಿಸಿ ನೋಡಿದರು. "ಚೆನ್ನಾಗಿದೆ ಕಣೋ. ವಾಸನೆ ಹೆಂಗಿತ್ತು?" ಅಂದರು.

ಜೇಬಿನಿಂದ ಪೊಟ್ಟಣ ತೆಗೆದು ಬಿಚ್ಚಿ ಅವರ ಅಂಗೈಗೆ ಹಾಕಿದೆ. ಮಾಮ ಅದನ್ನು ಹೆಬ್ಬೆರಳಿನಲ್ಲಿ ಒತ್ತಿದರು. ಮೂಗಿನ ಹತ್ತಿರ ಹಿಡಿದು ಕಣ್ಣು ಮುಚ್ಚಿದರು. ಅಷ್ಟರಲ್ಲಿ ಅತ್ತೆ ಅಡಿಗೆಮನೆಯಿಂದ ಕಾಫಿ ಹಿಡಿದು ಬಂದರು.

"ಅಯ್ಯೋ, ಅವರಿಗೆ ಶುಗರ್ ಕಣೋ. ದ್ರಾಕ್ಷಿ ಕೊಡಬೇಡ."