ಟಾಮಿಯ ಮೇಲೆ ಸುಳ್ಳು ಆಪಾದನೆ

ಹದಿನೈದು ದಿನ ಊರಲ್ಲಿದ್ದು ಬಂದು, ಬೀಗ ತೆಗೆದು ಒಳಗೆ ಕಾಲಿಟ್ಟಿದ್ದೇ ತಡ, ಪಾದದ ಗಂಟಿನ ಸುತ್ತ ಚುರ್ ಚುರ್. ಬೈಗುಳ ಮಾತ್ರ ಟಾಮಿಗೆ. ಅದೋ, ಅಷ್ಟೂ ದಿನ ಪಕ್ಕದ ಮನೆಯಲ್ಲಿ ಬಿಸ್ಕತ್ತು ತಿನ್ನುತ್ತಿತ್ತು!

ಕಚ್ಚಿದ ಚಿಗಟ ಹಾರಿದ್ದು ನೆಲದಿಂದ. ನಾಯಿಯ ಮೈ ಹತ್ತಿದ ಚಿಗಟ ಬಿಟ್ಟಿ ಊಟ, ಬೆಚ್ಚನೆ ಮನೆ ಬಿಟ್ಟು ಸುಮ್ಮಸುಮ್ಮನೆ ಇಳಿಯುವುದಿಲ್ಲ. ಉದುರುವುದು ಮೊಟ್ಟೆ. ಹೆಣ್ಣೊಂದು ದಿನಕ್ಕೆ 40-50 ಇಟ್ಟರೆ ಅಷ್ಟೂ ಜಾರಿ ಚಾಪೆಯ ಸಂದಿಗೆ. ಅಲ್ಲೇ ಹುಳುವಾಗಿ, ದೂಳು ಮೆತ್ತಿದ ಗೂಡು ಕಟ್ಟಿಕೊಂಡು, ಒಳಗೇ ಬೆಳೆದು ತಿಂಗಳುಗಟ್ಟಲೆ ಕಾಯಬಲ್ಲದು. ಹೆಜ್ಜೆಯ ಅದುರು, ಮೈಬಿಸಿ, ಉಸಿರು ತಾಗಿತೋ, ಗೂಡು ಹರಿದು ಹೊರಗೆ.

ರೆಕ್ಕೆಯಿಲ್ಲ, ಆದರೂ ಮೇಲಕ್ಕೆ ಹೆಚ್ಚುಕಡಿಮೆ ಒಂದು ಗೇಣು ಹಾರುತ್ತದೆ. ಎದೆಯ ಪಕ್ಕದಲ್ಲಿ ರೆಸಿಲಿನ್ ಎಂಬ ರಬ್ಬರಿನಂಥ ಪ್ರೋಟೀನಿದೆ. ಸ್ನಾಯು ಅದನ್ನು ನಿಧಾನಕ್ಕೆ ಅದುಮಿ ಚಿಲಕ ಹಾಕಿಟ್ಟಿರುತ್ತದೆ. ಚಿಲಕ ಜಾರಿದರೆ ಕ್ಯಾಟರ್‌ಬಿಲ್ಲಿನ ಕಲ್ಲು! ಸೆಕೆಂಡಿನ ಸಾವಿರದಲ್ಲೊಂದು ಭಾಗದಲ್ಲಿ ಕಾಲು ನೆಲ ಬಿಟ್ಟಿರುತ್ತದೆ. ನೆಲಕ್ಕೆ ಒದೆಯುವುದು ಮಂಡಿಯೋ ಪಾದವೋ ಎಂಬ ಪಂಡಿತರ ಜಗಳ 2011ರವರೆಗೂ ನಡೆಯಿತು. ಕೇಂಬ್ರಿಜ್‌ನವರು ಅತಿವೇಗದ ಕ್ಯಾಮೆರಾ ಇಟ್ಟು ನೋಡಿದರು. ಗೆದ್ದದ್ದು ಪಾದ.

ಇಲಿಯ ಚಿಗಟ ಗಂಟುಮೂಟೆ ಕಟ್ಟುವುದು ಇಲಿ ಸತ್ತು ಮೈ ತಣ್ಣಗಾದಾಗ. ಪ್ಲೇಗಿನ ಕಾಲದಲ್ಲಿ ನಮ್ಮವರು ಇಲಿ ಬಿದ್ದ ಮನೆ ಬಿಟ್ಟು ಊರಾಚೆ ಗುಡಿಸಲು ಹಾಕಿದ್ದು ಸರಿಯಾದ ಲೆಕ್ಕವೇ. ಪ್ಲೇಗ್ ಹರಡುವುದರಲ್ಲಿ ಚಿಗಟದ ಕೈವಾಡವನ್ನು ಫ್ರೆಂಚ್ ವೈದ್ಯ ಪಾಲ್ ಲೂಯಿ ಸಿಮೊಂ ಪತ್ತೆ ಮಾಡಿದ್ದು 1898ರಲ್ಲಿ, ಕರಾಚಿಯಲ್ಲಿ.

ಅನುಮಾನವಿದ್ದರೆ ನಾಯಿಯ ಬೆನ್ನು ಬಾಚಿ, ಉದುರಿದ ಕರಿಪುಡಿಯನ್ನು ಒದ್ದೆ ಬಿಳಿ ಕಾಗದದ ಮೇಲೆ ಹಾಕಿ. ಸುತ್ತ ಕೆಂಪು ಹರಡಿದರೆ ಅದು ಮಣ್ಣಲ್ಲ, ಚಿಗಟದ ಹಿಕ್ಕೆ, ಅಂದರೆ ಜೀರ್ಣವಾದ ರಕ್ತ. ಸಿಕ್ಕ ಚಿಗಟವನ್ನು ಬೆರಳಲ್ಲಿ ಹೊಸಕಿದರೆ ಸಾಯದು, ಅದರ ಮೈ ಪಕ್ಕದಿಂದ ಅದುಮಿದಂತೆ ಚಪ್ಪಟೆ. ಸೋಪಿನ ನೀರಿಗೆ ಹಾಕಿ. ಬರೀ ನೀರಲ್ಲಾದರೆ ತೇಲಿಕೊಂಡೇ ಇರುತ್ತದೆ.

ಟಾಮಿಗೆ ಮಾತ್ರ ಸ್ನಾನ ಮಾಡಿಸಿ ಕೈತೊಳೆದುಕೊಂಡರೆ ಎರಡೇ ವಾರದಲ್ಲಿ ಮತ್ತೆ ಅದೇ ಪಾಡು, ಏಕೆಂದರೆ ಗೂಡಿನೊಳಗಿನದಕ್ಕೆ ಔಷಧಿ ತಾಗುವುದಿಲ್ಲ. ಹಾಸಿಗೆ ಬಟ್ಟೆ ಬಿಸಿನೀರಲ್ಲಿ ಒಗೆಯಿರಿ, ಸೋಫಾ ಸಂದಿಗೆ ವ್ಯಾಕ್ಯೂಮ್ ಹಿಡಿಯಿರಿ, ಅದರ ಚೀಲವನ್ನು ಆಗಲೇ ಮನೆಯಿಂದಾಚೆ ಸಾಗಿಸಿ. ಮನೆಯ ಎಲ್ಲ ಪ್ರಾಣಿಗಳಿಗೂ ಪಶುವೈದ್ಯರು ಹೇಳಿದ ಔಷಧಿ ಕನಿಷ್ಠ ಮೂರು ತಿಂಗಳು ಹಾಕಿ. ಉಳಿತಾಯ ಅಂತ ನಾಯಿಯ ಪರ್ಮೆಥ್ರಿನ್ ಎಂಬ ಚಿಗಟದ ಔಷಧಿಯ ಡಬ್ಬಿಯನ್ನು ಬೆಕ್ಕಿಗೆ ಸುರಿದೀರಿ ಜೋಕೆ, ಬೆಕ್ಕಿಗೆ ಅದು ವಿಷ.

ಮುಂದಿನ ಸಲ ಬೀಗ ತೆಗೆದಾಗ ಮೊಣಕಾಲುದ್ದದ ಬಿಳಿ ಕಾಲುಚೀಲ ಹಾಕಿಕೊಂಡು ಒಂದು ಸುತ್ತು ನಡೆಯಿರಿ. ಅದರ ಮೇಲೆ ಸಾಸಿವೆ ಸಿಡಿದಂತೆ ಕಂದು ಚುಕ್ಕೆ ಕಂಡರೆ, ಮೊದಲು ಟಾಮಿಯ ಹತ್ತಿರ ಕ್ಷಮೆ ಕೇಳಿ.